ಏರುವಾಗ ನಾನು, ಇಳಿಯುವಾಗ ಹೂವು

ನಾನು ಒಂದು ಸಿಂಬಿ. ತಲೆಗೂ ಹೊರೆಗೂ ನಡುವೆ ದುಂಡಗೆ ಸುತ್ತಿ ಇಡುತ್ತಾರಲ್ಲ, ಆ ಬಟ್ಟೆ. ಬುಟ್ಟಿ ಹೊತ್ತ ಹೆಂಗಸರನ್ನು ನೀವು ಎಷ್ಟೋ ಸಲ ನೋಡಿರಬಹುದು, ನನ್ನನ್ನು ನೋಡಿರಲಿಕ್ಕಿಲ್ಲ. ನೋಡದವರ ಮೇಲೆ ನನಗೆ ಸಿಟ್ಟಿಲ್ಲ. ನೋಡಿಸಿಕೊಳ್ಳುವವರ ಮೇಲೆ ಇದೆ.

ಹೊಸಬಂದರಿನ ರುಕ್ಮಿ ಮೀನು ಮಾರಲು ಹೊರಟ ವರ್ಷ ಅವಳ ತಾಯಿ ತನ್ನ ಹಳೆಯ ಕೆಂಪು ಸೀರೆಯನ್ನು ಹರಿದು, ಹೊಸೆದು, ಬಲೆಯ ನೂಲಿನಿಂದ ಬಿಗಿದು ನನ್ನನ್ನು ಮಾಡಿದಳು. ಮಗಳ ತಲೆಯ ಮೇಲೆ ನನ್ನನ್ನಿಟ್ಟು, ನನ್ನ ಮೇಲೆ ಬುಟ್ಟಿಯಿಟ್ಟು, "ಕತ್ತು ನೆಟ್ಟಗೆ ಇಟ್ಕಳೆ ಮಗಾ. ಉಳ್ದದ್ದು ಅದು ನೋಡ್ಕಂತದೆ" ಎಂದಳು. ಅದು ಎಂದರೆ ನಾನು. ಅಂಥ ಒಳ್ಳೆಯ ಮಾತು ಆಮೇಲೆ ಬಹಳ ಕಾಲ ನನ್ನ ಪಾಲಿಗೆ ಬರಲಿಲ್ಲ.

ಹೊಸಬಂದರಿನ ಬೆನ್ನಿಗೇ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮೇಲಿನಕೇರಿ. ಅಲ್ಲಿಗೆ ಆಗ ರಸ್ತೆಯಿರಲಿಲ್ಲ, ಕಾಲುದಾರಿ ಮಾತ್ರ. ಗೇರುಮರದ ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬೇಕು. ನಡುವಿನ ಕಡಿದಾದ ಏರಿಗೆ ಮಂಡಿಮೂಗು ಎಂದು ಹೆಸರು, ಯಾಕೆಂದರೆ ಅಲ್ಲಿ ಹತ್ತುವವರ ಮಂಡಿ ಮೂಗಿಗೆ ತಾಗುತ್ತದೆ. ತಿರುಗಿ ನಿಂತರೆ ಕಡಲು ಪೂರ್ತಿ ಕಾಣುತ್ತದಂತೆ. ನನಗೆ ಕಂಡದ್ದು ಬುಟ್ಟಿಯ ತಳ.

ಮೊದಮೊದಲು ನನ್ನ ಹೊಟ್ಟೆಕಿಚ್ಚೆಲ್ಲ ಆ ಬುಟ್ಟಿಯ ಮೇಲೆಯೇ ಇತ್ತು. ಕೇರಿಯ ಮಕ್ಕಳು "ಬುಟ್ಟಿ ಬಂತು, ಬುಟ್ಟಿ ಬಂತು" ಎಂದು ಕುಣಿಯುತ್ತಿದ್ದರು. ಬೆನ್ನಿಗೆ ಚೀಲ ಕಟ್ಟಿಕೊಂಡು ಚಾರಣಕ್ಕೆ ಬಂದ ಹುಡುಗಿಯರು ಅದರ ಫೋಟೊ ತೆಗೆದರು. ಇರಲಿ, ಬುಟ್ಟಿಯಾದರೂ ಮೀನು ಹೊರುತ್ತದೆ ಎಂದು ಸುಮ್ಮನಿದ್ದೆ. ಸುಮ್ಮನಿರಲು ಆಗದೆ ಹೋದದ್ದು ಅಬ್ಬಲಿಗೆ ಹೂವಿನ, ಅದೇ ಕನಕಾಂಬರದ, ವಿಷಯದಲ್ಲಿ.

ಮೇಲಿನಕೇರಿಯ ಮೊದಲ ಮನೆ ಹೊನ್ನಕ್ಕನದು. ರುಕ್ಮಿ ಬುಟ್ಟಿ ಇಳಿಸಿದ ಕೂಡಲೇ ಅವಳು ಬೆಲ್ಲ, ನೀರು ತಂದಿಡುತ್ತಿದ್ದಳು.

"ಎಂತಾ ತಂದ್ಯೇ ಇವತ್ತು?"

"ಬಂಗಡೆ, ಹೊನ್ನಕ್ಕ. ಕಣ್ಣ್ ನೋಡು, ಇನ್ನೂ ಹೊಳೀತದೆ."

ಮೀನಿಗೆ ಬದಲಾಗಿ ಗೆಣಸೋ ಬದನೆಯೋ ಸಿಗುತ್ತಿತ್ತು, ಜೊತೆಗೊಂದು ಅಬ್ಬಲಿಗೆ ದಂಡೆ. ಹೊನ್ನಕ್ಕ ತಾನೇ ಅದನ್ನು ರುಕ್ಮಿಯ ಮುಡಿಗೆ ಸಿಕ್ಕಿಸುತ್ತಿದ್ದಳು. ನಾನು? ಸೊಂಟಕ್ಕೆ. ಎಲೆಯಡಿಕೆ ಚೀಲದ ಪಕ್ಕ!

ಗುಡ್ಡ ಹತ್ತುವಷ್ಟೂ ಹೊತ್ತು ಅವಳ ಬೆವರು ಕುಡಿದವನು ನಾನು, ಮೀನುನೀರಲ್ಲಿ ನೆಂದವನು ನಾನು. ಇಳಿಯುವಾಗ ಗಾಳಿ ತಂಪಾಗಿ, ಹಗುರಾದ ಬುಟ್ಟಿ ಕಂಕುಳಿಗೆ ಹೋಗಿ, ಹಾಡು ಬರುವ ಹೊತ್ತಿಗೆ ತಲೆ ಹೂವಿಗೆ. ಅದೂ ಎಂಥ ಹೂವು? ವಾಸನೆಯೇ ಇಲ್ಲದ್ದು. ನನಗಾದರೂ ವಾಸನೆಯಿದೆ. ಆದರೂ ರುಕ್ಮಿ ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು, "ಬೀಳ್ಬೇಡ್ವೇ ಚಿನ್ನ" ಎನ್ನುತ್ತಿದ್ದಳು. ಅವಳು ಕಾಗೆಗೆ ಬೈದಳು, ಮೀನನ್ನು ಹೊಗಳಿದಳು, ಹೂವನ್ನು ಮುದ್ದಿಸಿದಳು. ನನಗೆ ಒಂದು ಮಾತಿಲ್ಲ.

ವರ್ಷಗಳು ಹೋದವು. ಗುಡ್ಡದ ಆಚೆ ಮಗ್ಗುಲಿಂದ ರಸ್ತೆ ಬಂತು, ಹಾರ್ನ್ ಹೊಡೆಯುತ್ತ ಮೀನಿನ ಗಾಡಿ ಬಂತು. ರುಕ್ಮಿಯ ಮಂಡಿಯೂ ಸೋತಿತ್ತು. ಒಂದು ದಿನ ಅವಳು ಮಾರಲಿಕ್ಕಲ್ಲ, ಕೊಟ್ಟು ಬರಲಿಕ್ಕೆಂದೇ ಬುಟ್ಟಿ ತುಂಬ ಬಂಗಡೆ ಹೊತ್ತು ಹತ್ತಿದಳು.

"ಇನ್ ನನ್ಹತ್ರ ಆಗೂದಿಲ್ಲ ಹೊನ್ನಕ್ಕ. ಇದೇ ಕಡೇದು."

ಹೊನ್ನಕ್ಕ ಹಿತ್ತಲಿಗೆ ಹೋಗಿ ಅಬ್ಬಲಿಗೆಯ ಗಿಡವನ್ನೇ ಮಣ್ಣಿನ ಸಮೇತ ಕಿತ್ತು ಒಂದು ಮಡಕೆಗೆ ಹಾಕಿ ತಂದಳು. "ನಾ ಕೆಳಗೆ ಬರೂಕಿಲ್ಲ, ನೀ ಮೇಲೆ ಬರೂಕಿಲ್ಲ. ಇದಾದ್ರೂ ನಿನ್ನ ಅಂಗಳದಲ್ಲಿ ಇರ್ಲಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಡಕೆ ಎಲ್ಲಿ ಕೂತಿತು ಎಂದು ಬೇರೆ ಹೇಳಬೇಕೆ? ನನ್ನ ಮೇಲೆ. ಬೇರು, ಮಣ್ಣು, ಮೊಗ್ಗು ಎಲ್ಲ ಸೇರಿ ನನ್ನ ಶತ್ರು ಸಂಸಾರ ಸಮೇತ ನನ್ನ ಹೆಗಲೇರಿತ್ತು. ನಾನು ಹಲ್ಲು ಕಚ್ಚಿಕೊಂಡು ಹೊತ್ತೆ.

ಮಂಡಿಮೂಗಿನ ಇಳಿಜಾರಿನಲ್ಲಿ ರುಕ್ಮಿಯ ಮಂಡಿ ಕುಸಿಯಿತು. ಎರಡೂ ಕೈ ಬೇರು ಹಿಡಿದವು. ಮಡಕೆ ಓರೆಯಾಯಿತು. ನಾನು ಸ್ವಲ್ಪ ಸಡಿಲಾದರೆ ಸಾಕಿತ್ತು, ಆ ಹೂವಿನ ಕಥೆ ಗೇರುಮರದ ಬುಡದಲ್ಲೇ ಮುಗಿಯುತ್ತಿತ್ತು. ನಿಜ ಹೇಳುತ್ತೇನೆ, ಆಸೆಯಾಯಿತು.

ಆಗ ಅವಳು ಕೂಗಿದಳು, "ಸಿಂಬೀ, ಹಿಡ್ಕಾ! ನೀನೇ ಗತಿ!"

ನನ್ನ ಹೆಸರು. ಅವಳ ಬಾಯಲ್ಲಿ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಹಿಡಿದುಕೊಂಡೆ. ನೂಲು ಕಿರ್ರೆಂದಿತು, ಒಂದು ಎಳೆ ಹರಿಯಿತು, ಆದರೂ ಬಿಡಲಿಲ್ಲ. ಅವಳು ಕಾಲೂರಿ ಎದ್ದು ನಿಂತಳು. ಮಡಕೆ ಅಲ್ಲೇ ಇತ್ತು.

ಈಗ ಅಬ್ಬಲಿಗೆ ಅವಳ ಅಂಗಳ ತುಂಬ ಹಬ್ಬಿದೆ. ಬೆಳಿಗ್ಗೆ ಎದ್ದ ಕೂಡಲೇ ರುಕ್ಮಿ ಅದಕ್ಕೆ ನೀರು ಹಾಕಿ ಹೊನ್ನಕ್ಕನ ಸುದ್ದಿ ಕೇಳುತ್ತಾಳೆ, ಅದು ತಿಳಿದವರಂತೆ ತಲೆಯಾಡಿಸುತ್ತದೆ. ನೋಡಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ.

ಆದರೆ ಊಟವಾದ ಮೇಲೆ ಅವಳು ಜಗಲಿಯಲ್ಲಿ ಮಲಗುತ್ತಾಳೆ. ಸೊಸೆ ದಿಂಬು ತಂದುಕೊಟ್ಟರೆ, "ಬ್ಯಾಡ, ನನ್ ಸಿಂಬಿ ಕೊಡು" ಎನ್ನುತ್ತಾಳೆ. ಬದುಕಿಡೀ ಅವಳ ತಲೆಯ ಮೇಲೆ ಇದ್ದೆ, ಈಗ ಅವಳ ತಲೆ ನನ್ನ ಮೇಲಿದೆ. ನಡುವೆ ಹೊರೆಯಿಲ್ಲ. ಮುಡಿಯ ಹೂವೊಂದಿದೆ, ಅವಳು ಮಗ್ಗುಲಾದಾಗ ನನಗೆ ಒತ್ತಿಕೊಂಡು ಸ್ವಲ್ಪ ನಲುಗುತ್ತದೆ. ನಾನೇನೂ ಸರಿದು ಜಾಗ ಕೊಡುವುದಿಲ್ಲ.