ಜಡೆ ಹೆಣೆದ ಮೈಕ್ ವೈರು

ಹಾಡಿನ ಟೀಚರ್‌ಗೆ ಮಹಡಿಯ ಕಡೆ ನೋಡಿದರೆ ಸಾಕು, ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಅವಳ ಓರಗಿತ್ತಿಯೂ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಒಂದೇ ಮನೆ, ಒಂದೇ ಅಂಗಡಿಯಲ್ಲಿ ಕೊಂಡ ಆಂಪ್ಲಿಫೈಯರ್. ಆದರೂ ಮೇಲಿನ ಮೈಕಿನಲ್ಲಿ ದನಿ ತಿಳಿಯಾಗಿ ಕೇಳುತ್ತಿತ್ತು. ಕೆಳಗಿನದು ಸ್ವಿಚ್ ಹಾಕಿದ್ದೇ ತಡ, ‘ಗುಂಯ್’ ಎನ್ನುತ್ತಿತ್ತು. ಟೀಚರ್ ಹತ್ತಿರ ಕಲಿಯುತ್ತಿದ್ದ ಹನ್ನೆರಡು ಮಕ್ಕಳಲ್ಲಿ ಐವರು ಆಗಲೇ ಮೆಟ್ಟಿಲು ಹತ್ತಿಬಿಟ್ಟಿದ್ದರು.

“ಅವಳನ್ನೇ ಒಂದು ಮಾತು ಕೇಳಬಾರದಾ? ರೇಡಿಯೊ ರಿಪೇರಿ ಮಾಡ್ತಿದ್ದವಳಲ್ವಾ?” ಎಂದ ಗಂಡ.

“ಕೇಳಿದ್ರೆ ಇನ್ನೊಂದು ಗೇಣು ಎತ್ತರ ಆಗ್ತಾಳೆ. ನನ್ನಿಂದಾಗಲ್ಲ!”

ಪ್ಲಗ್ಗಿನ ದಪ್ಪ ಪಿನ್ನು ಕಿತ್ತರೆ ಸದ್ದು ನಿಲ್ಲುತ್ತದೆ ಎಂದು ಯಾರೋ ಹೇಳಿದರು. ಟೀಚರ್ ಇಕ್ಕಳ ಹಿಡಿದು ಕಿತ್ತೇಬಿಟ್ಟಳು. ಗುಂಯ್ ಕಡಿಮೆಯೂ ಆಯಿತು. ಮಹಡಿಗೆ ಕೇಳಲೆಂದೇ ಬಾಗಿಲು ತೆರೆದಿಟ್ಟು ಹಾಡಿದಳು.

ಮರುದಿನ ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಮಗಳು ಬರಿಗಾಲಲ್ಲಿ ನಿಂತು ಮೈಕಿಗೆ ತುಟಿ ತಾಗಿಸಿದವಳೇ ಹಿಂದಕ್ಕೆ ಹಾರಿದಳು.

“ಅಮ್ಮಾ! ತುಟಿ ಜುಮ್ಮಂತು!”

“ಯಾರೂ ಮುಟ್ಟಬೇಡಿ!” ಮೆಟ್ಟಿಲಿಳಿಯುತ್ತಿದ್ದ ಓರಗಿತ್ತಿ ಓಡಿಬಂದು ಮೇನ್ ಸ್ವಿಚ್ ಆರಿಸಿದಳು. ಆಮೇಲೆ ಪ್ಲಗ್ ಕಿತ್ತು ನೋಡಿದಳು. “ಅಕ್ಕಾ, ಮೂರನೇ ಪಿನ್ನು ಎಲ್ಲಿ?”

“ಕಿತ್ತೆ. ನಿನ್ನದರ ಹಾಗೆ ಕೇಳಲಿ ಅಂತ...”

“ಅದು ಅರ್ಥಿಂಗ್ ಪಿನ್ನು ಅಕ್ಕಾ! ಪೆಟ್ಟಿಗೆಗೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋದು ಅದೇ. ಅದಿಲ್ಲ ಅಂದ್ರೆ ಕರೆಂಟಿಗೆ ನಮ್ಮ ಮೈಯೇ ದಾರಿ.”

ಟೀಚರ್ ಮಗಳನ್ನು ಅಪ್ಪಿಕೊಂಡಳು. ಹೊಟ್ಟೆ ಉರಿಯೆಲ್ಲ ಆರಿಹೋಗಿತ್ತು.

ಓರಗಿತ್ತಿ ಗೋಡೆಯ ಬದಿ ಬಗ್ಗಿ ನೋಡಿ ನಕ್ಕಳು. “ಇದೇನಕ್ಕಾ, ಮೈಕ್ ವೈರು, ಕರೆಂಟ್ ವೈರು ಸೇರಿಸಿ ಜಡೆ ಹೆಣೆದಿದ್ದೀರಾ?”

“ಚೆಂದ ಕಾಣಲಿ ಅಂತ ಕಣೇ.”

“ರಿಬ್ಬನ್ ಒಂದು ಕಡಿಮೆ! ಗುಂಯ್ ಅನ್ನೋದು ಇದಕ್ಕೇ, ಇವೆರಡನ್ನ ದೂರ ದೂರ ಇಡಿ. ಶ್ರುತಿ ಹಾಕೋ ಪ್ಲೇಯರನ್ನ ಈ ಗೋಡೆಯ ಬೋರ್ಡಿಗೆ, ಆಂಪ್ಲಿಫೈಯರನ್ನ ಆ ಗೋಡೆಯ ಬೋರ್ಡಿಗೆ ಹಾಕಿದ್ದೀರಿ, ಅದಕ್ಕೂ ಗುಂಯ್ ಅನ್ನುತ್ತೆ. ಎರಡನ್ನೂ ಅರ್ಥಿಂಗ್ ಇರೋ ಒಂದೇ ಬೋರ್ಡಿಗೆ ಹಾಕಿ. ಮೊದಲು ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗೂ ಪೆಟ್ಟಿಗೆಯೂ ನೋಡಲಿ. ಅಲ್ಲೀತನಕ ಮೈಕ್ ಬೇಡ.”

“ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಎರಡು ತಿಂಗಳಿಂದ ನೀವು ಮುಖ ಕೊಟ್ಟು ಮಾತಾಡಿದ್ರೆ ತಾನೇ?” ಓರಗಿತ್ತಿ ತಲೆ ತಗ್ಗಿಸಿದಳು. “ನನಗೂ ಹೊಟ್ಟೆಕಿಚ್ಚಿತ್ತು ಅಕ್ಕಾ. ನಿಮ್ಮ ಕಂಠ ನನಗಿದ್ದಿದ್ರೆ ಮೈಕನ್ನೇ ತರ್ತಿರಲಿಲ್ಲ.”

ಎಲೆಕ್ಟ್ರಿಷಿಯನ್ ಬಂದು ಒಳಗೆ ಸೋರುತ್ತಿದ್ದ ವೈರು ಬದಲಿಸಿದ, ಹೊಸ ಪ್ಲಗ್ ಹಾಕಿದ. ಟೀಚರ್ ವೈರಿನ ಜಡೆ ಬಿಚ್ಚಿ, ಎರಡು ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿದಳು. ಗುಂಯ್ ನಿಂತಿತು. ಅಂದು ಸಂಜೆ ಓರಗಿತ್ತಿ ತನ್ನ ಹತ್ತಿರ ಹಾಡು ಕಲಿಯುವ ಮಕ್ಕಳನ್ನೆಲ್ಲ ಕೆಳಗೆ ಕರೆತಂದಳು. ಟೀಚರ್ ಹಾಡಿದಳು; ಓರಗಿತ್ತಿ ಆಂಪ್ಲಿಫೈಯರ್ ಪಕ್ಕ ಕುಳಿತಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮೈಕು ಗುಂಯ್ ಎಂದರೆ ವೈರು ನೋಡಿ, ಬೋರ್ಡು ನೋಡಿ. ದಪ್ಪ ಪಿನ್ನನ್ನು ಮಾತ್ರ ಕೀಳಬೇಡಿ. ಒದ್ದೆ ನೆಲದಲ್ಲಿ ಮೈಕ್ ಹಿಡಿಯಬೇಡಿ. ವೈರು ಜೋಡಿಸುವಾಗ ಸ್ವಿಚ್ ಆರಿಸಿರಿ. ಮುಟ್ಟಿದಾಗ ಜುಮ್ ಎಂದರೆ ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕರೆಯಿರಿ. ಆ ತಿಳಿದವರ ಮೇಲೆ ನಿಮಗೆ ಹೊಟ್ಟೆಕಿಚ್ಚಿದ್ದರೂ ಸರಿಯೇ, ಕರೆಯಿರಿ.