ಉತ್ತರ ಇಳಿಸಲು ಹತ್ತು ನಿಮಿಷ

ಫಿಲಿಪೀನ್ಸಿನ ಇಲೋಯ್ಲೊ ಊರಿನ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನಾನು ಗುಮಾಸ್ತೆ. ಮಕ್ಕಳ ವಾರ್ಡಿನ ನರ್ಸ್ ಮೆರ್ಲಿಂಡ ಒಂದು ಮಧ್ಯಾಹ್ನ ಪಾಳಿ ಮುಗಿಸಿ, ದಪ್ಪನೆಯ ಪುಸ್ತಕವೊಂದನ್ನು ಎದೆಗವಚಿಕೊಂಡು ನನ್ನ ಕಿಟಕಿಯ ಮುಂದೆ ನಿಂತಳು.

"ನಾಂಗ್ ನೋರ್ಮಿ, ನೀವು ಇಂಗ್ಲಿಷ್ ಓದ್ದೋರು. ನಂಗೆ ಹೇಳ್ಕೊಡ್ಬೇಕು."

ಓದಿದ್ದೇನೆ, ನಿಜ. ಆದರೆ ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಆರು ವರ್ಷಕ್ಕೆ ಪಡೆದ ಪದವಿ ಅದು. ಹಗಲು ಕಾಲೇಜಿನಲ್ಲಿ ಓದಿದವರ ಎದುರು ಇವತ್ತಿಗೂ ಒಂದು ವಾಕ್ಯ ಆಡುವ ಮೊದಲು ಮನಸ್ಸಿನಲ್ಲೇ ಎರಡು ಸಲ ತಿರುವಿ ನೋಡುತ್ತೇನೆ.

"ತರಬೇತಿ ಕೇಂದ್ರಗಳು ಬೀದಿಗೊಂದಿವೆಯಲ್ಲ ಇಂದಾಯ್," ಎಂದೆ. ನಮ್ಮಲ್ಲಿ ಹಿರಿಯ ಹೆಂಗಸರನ್ನು ನಾಂಗ್ ಎಂದೂ ಚಿಕ್ಕವರನ್ನು ಇಂದಾಯ್ ಎಂದೂ ಕರೆಯುತ್ತೇವೆ.

"ನನ್ನ ಪಾಳಿ ವಾರವಾರ ಬದಲಾಗುತ್ತೆ. ಅವರ ಪಾಠಕ್ಕೆ ಕಾಲ ಕೂಡಲ್ಲ. ನೀವು ಬೇಡ ಅಂದ್ರೆ ಈ ಕಿಟಕಿ ಬಿಟ್ಟು ಕದಲಲ್ಲ ನೋಡಿ. ದಾಖಲೆ ಬೇಕಾದೋರು ನನ್ನ ತಲೆ ಮೇಲಿಂದ ಕೈ ಚಾಚ್ಲಿ."

ನನಗೆ ನಗು ಬಂತು. ಹಾಗೆ ಶುರುವಾಯಿತು.

ಅವಳ ಗಂಡ ರೊಡೆಲ್ ಮೂರು ವರ್ಷದಿಂದ ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸದಲ್ಲಿದ್ದ. ಅದೇ ಊರಿನ ಆಸ್ಪತ್ರೆ ಇವಳಿಗೆ ಕೆಲಸ ಕೊಡಲು ಒಪ್ಪಿತ್ತು. ಜೂನ್ ಮುಗಿಯುವುದರೊಳಗೆ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಕಳಿಸಬೇಕು, ಇಲ್ಲದಿದ್ದರೆ ಹುದ್ದೆ ಬೇರೆಯವರಿಗೆ. ಕೇಳುವುದು, ಬರೆಯುವುದು, ಮಾತಾಡುವುದು ಇವುಗಳ ಭಯ ಅವಳಿಗಿರಲಿಲ್ಲ. ಓದುವ ಭಾಗದಲ್ಲಿ ಒಂಬತ್ತಕ್ಕೆ ಏಳು ಅಂಕ ಬರಬೇಕಿತ್ತು. ಬರುತ್ತಿದ್ದದ್ದು ಆರು.

ಅವಳ ಪಾಳಿ ನೋಡಿಕೊಂಡು, ಬಿಡುವಾದ ದಿನಗಳಲ್ಲಿ ಮೂರೂವರೆಗೆ ಕ್ಯಾಂಟೀನಿನ ಮೂಲೆಯ ಮೇಜಿಗೆ ಕೂರುತ್ತಿದ್ದೆವು. ಮೂರು ದೊಡ್ಡ ಪಾಠಗಳು, ನಲವತ್ತು ಪ್ರಶ್ನೆ, ಒಂದು ಗಂಟೆ. ಕೊಟ್ಟ ಹೇಳಿಕೆ ಸರಿಯೋ, ತಪ್ಪೋ, ಅಥವಾ ಪಾಠದಲ್ಲಿ ಅದರ ಮಾತೇ ಇಲ್ಲವೋ ಎಂದು ಗುರುತಿಸುವ ಪ್ರಶ್ನೆಗಳಲ್ಲಿ ಅವಳು ಎಡವುತ್ತಿದ್ದಳು.

"ಜ್ವರ ಬಂದ ಮಗುಗೆ ನೀರು ಜಾಸ್ತಿ ಕುಡಿಸ್ಬೇಕು. ಇದು ಸರಿ ತಾನೆ?"

"ಪಾಠದಲ್ಲಿ ಎಲ್ಲಿದೆ ತೋರಿಸು."

"ಪಾಠದಲ್ಲಿ ಯಾಕಿರ್ಬೇಕು? ಹನ್ನೊಂದು ವರ್ಷದಿಂದ ಕುಡಿಸ್ತಾ ಇದೀನಿ!"

"ನೀನು ಕುಡಿಸಿದ್ದು ಅವರಿಗೆ ಬೇಡ ಮಾರಾಯ್ತಿ. ಕಾಗದದ ಮೇಲೆ ಏನಿದೆಯೋ ಅಷ್ಟೆ."

ಬಾಚೊಯ್ ಎಂಬ ಶಾವಿಗೆ ಸಾರಿನ ಬಟ್ಟಲು ತಂದಿಡುತ್ತಿದ್ದ ಕ್ಯಾಂಟೀನಿನ ಪುರಿಂಗ್ ನಡುವೆ ಬಾಯಿ ಹಾಕಿದಳು: "ಇಂಗ್ಲೆಂಡಲ್ಲಿ ಮಕ್ಕಳಿಗೆ ನೀರೂ ಪುಸ್ತಕ ನೋಡ್ಕೊಂಡೇ ಕುಡಿಸ್ತಾರೇನೋ. ಮೊದ್ಲು ಸಾರು ಕುಡೀರಿ, ಆರೋಗುತ್ತೆ."

ಅವಳ ಇನ್ನೊಂದು ತೊಂದರೆ ಅವಸರ. ಪ್ರಶ್ನೆಯಿಂದ ಉತ್ತರದ ಹಾಳೆಗೆ ನೇರ ಬರೆಯುತ್ತಿದ್ದಳು. ಸಾಲು ತಪ್ಪಿ ಹದಿನಾರರ ಉತ್ತರ ಹದಿನೇಳಕ್ಕೆ ಕೂರುತ್ತಿತ್ತು. ಅದಕ್ಕೆ ನನ್ನ ಕೋಣೆಯ ಪದ್ಧತಿಯನ್ನೇ ಕಲಿಸಿದೆ. ನಮ್ಮಲ್ಲಿ ರೋಗಿಯ ವಿವರವನ್ನು ಮೊದಲು ಕಚ್ಚಾ ಚೀಟಿಯಲ್ಲಿ ಬರೆದು, ಎರಡು ಸಲ ನೋಡಿ, ಆಮೇಲೆ ದೊಡ್ಡ ಪುಸ್ತಕಕ್ಕೆ ಇಳಿಸುತ್ತೇವೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ಒಬ್ಬರ ಹೆಸರೂ ಇನ್ನೊಬ್ಬರ ಸಾಲಿಗೆ ಹೋಗಿಲ್ಲ. "ಎಲ್ಲ ಉತ್ತರವನ್ನೂ ಪ್ರಶ್ನೆಯ ಪಕ್ಕದಲ್ಲೇ ಬರಿ. ಕೊನೆಗೆ ಒಟ್ಟಿಗೆ ಇಳಿಸು," ಎಂದೆ. ಕೇಳುವ ಭಾಗದಲ್ಲಿ ಉತ್ತರ ಇಳಿಸಲು ಹತ್ತು ನಿಮಿಷ ಬೇರೆಯಾಗಿ ಕೊಡುತ್ತಾರೆಂದು ಪುಸ್ತಕದಲ್ಲಿ ಓದಿದ್ದೆ. ಇಲ್ಲಿಯೂ ಹಾಗೇ ಇರಬೇಕೆಂದು, ಗಂಟೆ ಮುಗಿದ ಮೇಲೆ ಗಡಿಯಾರ ಮತ್ತೆ ತಿರುಗಿಸಿ ಹತ್ತು ನಿಮಿಷ ಕೊಡುತ್ತಿದ್ದೆ.

ತಿಂಗಳೊಳಗೆ ಆರು ಏಳಾಯಿತು. ಒಂದು ದಿನ ಏಳೂವರೆ. ಪುರಿಂಗ್ ಎರಡು ಬಟ್ಟಲಿಗೂ ಒಂದೊಂದು ಮೊಟ್ಟೆ ಹೆಚ್ಚಿಗೆ ಹಾಕಿದಳು.

ಪರೀಕ್ಷೆಗೆ ಹನ್ನೆರಡು ದಿನವಿದ್ದಾಗ, ಮರುದಿನದ ಅಭ್ಯಾಸಕ್ಕೆ ಪುಟ ಗುರುತು ಮಾಡುತ್ತಿದ್ದೆ. ಓದುವ ಭಾಗದ ಸೂಚನೆಗಳ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು ಕಣ್ಣಿಗೆ ಬಿತ್ತು. ಎಲ್ಲ ಉತ್ತರಗಳನ್ನೂ ಆ ಒಂದು ಗಂಟೆಯೊಳಗೇ ಹಾಳೆಗೆ ಬರೆಯಬೇಕು, ಇಳಿಸಲು ಬೇರೆ ಸಮಯವಿಲ್ಲ.

ನಾಲ್ಕು ಸಲ ಓದಿದೆ. ಅರ್ಥ ಸ್ಪಷ್ಟವಾಗಿಯೇ ಇತ್ತು. ಆದರೂ ಅದನ್ನು ಓದಿದ್ದು ನಾನಲ್ಲವೆ? ಎಲ್ಲೋ ತಪ್ಪು ತಿಳಿದಿರಬೇಕು, ಒಂದು ಭಾಗಕ್ಕೆ ಕೊಟ್ಟ ಸಮಯ ಇನ್ನೊಂದಕ್ಕೆ ಏಕೆ ಕೊಡುವುದಿಲ್ಲ ಅನ್ನಿಸಿತು. ಯಾವುದಾದರೂ ತರಬೇತಿ ಕೇಂದ್ರದಲ್ಲಿ ವಿಚಾರಿಸೋಣವೆಂದು ಒಂದು ಸಂಜೆ ಬಾಗಿಲವರೆಗೆ ಹೋದೆ. ಒಳಗೆ ಹುಡುಗ ಹುಡುಗಿಯರು ಪಟಪಟನೆ ಇಂಗ್ಲಿಷ್ ಆಡುತ್ತಿದ್ದರು. ಇಷ್ಟೂ ತಿಳಿಯದವಳು ಪಾಠ ಹೇಳುತ್ತಿದ್ದಾಳೆಯೇ ಎಂದು ನಕ್ಕಾರು ಎಂದು ಜೀಪ್ನಿ ಹತ್ತಿ ಮನೆಗೆ ಬಂದೆ. ಮೆರ್ಲಿಂಡಳಿಗೆ ಹೇಳಲೂ ಇಲ್ಲ. ಈಗ ತಾನೆ ಧೈರ್ಯ ಬಂದಿದೆ, ಇಲ್ಲದ ಗೊಂದಲ ಏಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಪರೀಕ್ಷೆಯ ಮರುದಿನ ಅವಳು ಬಂದು ಕೂತಳು. ಬಟ್ಟಲು ಮುಟ್ಟಲಿಲ್ಲ.

"ಮೂವತ್ತೆಂಟು ಬರ್ದಿದ್ದೆ ನಾಂಗ್. ಎಲ್ಲಾ ಪ್ರಶ್ನೆ ಪಕ್ಕದಲ್ಲೇ. ಪೆನ್ಸಿಲ್ ಕೆಳಗಿಡಿ ಅಂದ್ರು. ಇಳಿಸೋಕೆ ಹತ್ತು ನಿಮಿಷ ಅಂತ ಕೈ ಎತ್ತಿದೆ. ಹಾಗೇನಿಲ್ಲ ಅಂತ ಹಾಳೆ ಎತ್ಕೊಂಡೇ ಹೋದ್ರು. ಅದರಲ್ಲಿ ನನ್ನ ಹೆಸರು ಬಿಟ್ಟು ಏನೂ ಇರ್ಲಿಲ್ಲ."

ನಾನು ಚಮಚ ಬಟ್ಟಲಿನಲ್ಲೇ ಬಿಟ್ಟೆ.

"ಆ ಸಾಲು ನಾನು ಓದಿದ್ದೆ," ಎಂದೆ.

"ಯಾವ ಸಾಲು?"

"ಬೇರೆ ಸಮಯ ಇಲ್ಲ ಅನ್ನೋದು. ಪರೀಕ್ಷೆಗೆ ಹನ್ನೆರಡು ದಿನ ಇರೋವಾಗ್ಲೇ. ನಾನೇ ತಪ್ಪು ಓದಿದೀನಿ ಅನ್ಕೊಂಡೆ."

"ನನ್ನ ಮುಂದೆ ಇಟ್ಟಿದ್ರೆ ನಾನೂ ಓದ್ತಿದ್ದೆನಲ್ಲ ನಾಂಗ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಅಷ್ಟರಲ್ಲಿ ಫೋನು ಬಂತು. ಅಲ್ಲಿ ರೊಡೆಲ್ ಬೆಳಗಿನ ಪಾಳಿಗೆ ಹೊರಟಿದ್ದ. ಅವನ ದನಿ ನನಗೂ ಕೇಳುತ್ತಿತ್ತು.

"ಹೆಂಗಾಯ್ತು?"

"ಓದೋದು ಹೋಯ್ತು. ಹೊತ್ತು ನೋಡ್ಕೊಳ್ಲಿಲ್ಲ ನಾನು."

"ಹೊತ್ತು ನೋಡ್ಕೊಳ್ಲಿಲ್ವಾ? ಮೂರು ವರ್ಷ ಮೆರ್ಲಿಂಡ! ಮಗು ನನ್ನ ಮುಖ ಫೋನಲ್ಲೇ ನೋಡ್ತಾ ಬೆಳೀತಿದೆ. ಗಡಿಯಾರ ನೋಡೋಕಾಗ್ಲಿಲ್ವಾ ನಿಂಗೆ?"

"ನಂದೇ ತಪ್ಪು," ಎಂದಳು. ಹೇಳುವಾಗ ನನ್ನತ್ತ ತಿರುಗಲಿಲ್ಲ. ಫೋನು ಇಲ್ಲಿ ಕೊಡು, ನಾನು ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಮಾತು ಸರಿಯಾಗಿ ಜೋಡಿಸಿಕೊಂಡು ಹೇಳೋಣವೆಂದು ಕಾಯುತ್ತಿರುವಾಗಲೇ ಅವನು ಫೋನಿಟ್ಟ.

ಜೂನ್ ಮುಗಿಯುವುದರೊಳಗೆ ಇನ್ನೊಂದು ಪರೀಕ್ಷೆಗೆ ಸಮಯವಿರಲಿಲ್ಲ, ಹುದ್ದೆ ಬೇರೆಯವರಿಗೆ ಹೋಯಿತು. ಅವಳು ರಾತ್ರಿ ಪಾಳಿಗಳನ್ನೇ ಕೇಳಿ ಪಡೆದು ಹಗಲು ತರಬೇತಿ ಕೇಂದ್ರಕ್ಕೆ ಸೇರಿದಳು. ಮುಂದಿನ ವರ್ಷ ಏಳೂವರೆ ತೆಗೆದಳೆಂದು ವಾರ್ಡಿನವರ ಬಾಯಲ್ಲಿ ಕೇಳಿದೆ. ಆ ಊರಿನಲ್ಲಿ ಮತ್ತೆ ಜಾಗ ಖಾಲಿಯಾಗಲು ಇನ್ನೆರಡು ವರ್ಷ ಹಿಡಿಯಿತು.

ಅವಳನ್ನೂ ಮಗಳನ್ನೂ ಕರೆದೊಯ್ಯಲು ಬಂದಾಗ ರೊಡೆಲ್ ದಾಖಲೆ ಕೋಣೆಯ ಕಿಟಕಿಗೆ ಬಂದ, ಕೈಯಲ್ಲಿ ಚಾಕೊಲೇಟ್ ಡಬ್ಬಿ. ಪಕ್ಕದಲ್ಲಿ ಮೆರ್ಲಿಂಡ.

"ಇವಳಿಗೆ ಅಷ್ಟು ಕಷ್ಟಪಟ್ಟು ಹೇಳ್ಕೊಟ್ರಂತೆ ನಾಂಗ್. ಇವಳೇ ಅವತ್ತು ಹೊತ್ತು ನೋಡ್ಕೊಳ್ಲಿಲ್ಲ. ನಿಮ್ಮ ಶ್ರಮ ಎಲ್ಲ ಹಾಳು ಮಾಡಿದ್ಲು," ಎಂದು ನಕ್ಕ.

ಮೆರ್ಲಿಂಡ ಗೋಡೆಯ ಕಡೆ ನೋಡುತ್ತಿದ್ದಳು. ನಾನು ಕಿಟಕಿಯಿಂದ ಕೈ ಚಾಚಿ ಡಬ್ಬಿ ತೆಗೆದುಕೊಂಡೆ.