ನೀಲಿ ಚೌಕುಳಿ ಚಿಂದಿ

ಚಂದು ಚಟ್ಟದ ತಲೆಕಡೆಯ ಗಂಟನ್ನು ಬಿಚ್ಚಿ ಮೂರನೆಯ ಸಲ ಕಟ್ಟುತ್ತಿದ್ದ.

"ಸಾಕು ಮಾರಾಯ, ಆನೆಯನ್ನು ಹೊರ್ಲಿಕ್ಕೆ ಉಂಟಾ?" ಎಂದ ಐತ. ಮದರಾಸಿನ ವಡಪಳನಿಯ ಸ್ಟುಡಿಯೋಗಳಲ್ಲಿ ಇಪ್ಪತ್ತು ವರ್ಷ ದೀಪ ಎತ್ತಿ ಇಳಿಸಿದ ಮುದುಕ ಅವನು.

ಚಂದು ಹಗ್ಗವನ್ನು ಇನ್ನಷ್ಟು ಬಿಗಿದ. ಒಳಗೆ ಚಾಪೆಯ ಮೇಲೆ ಮಲಗಿದ್ದವನು ಮೋನಪ್ಪ, ಚಂದುವಿನ ಅಕ್ಕ ಸರಸಳ ಗಂಡ. ಊರಿನಿಂದ ಮದರಾಸಿಗೆ ಹೋಟೆಲ್ ಕೆಲಸಕ್ಕೆಂದು ಬಂದು, ಇಡ್ಲಿ ತಟ್ಟೆ ಬಿಟ್ಟು ಸಿನಿಮಾ ದೀಪ ಹಿಡಿದ ಆಸಾಮಿ. ಮೊನ್ನೆ ಶೂಟಿಂಗಿನಲ್ಲಿ, ದೀಪ ಹಿಡಿದು ಕೂರುವ ಮೇಲಿನ ಹಲಗೆಯ ಕಟ್ಟು ಜಾರಿ ಬಿದ್ದ. ಎರಡು ದಿನ ಆಸ್ಪತ್ರೆಯಲ್ಲಿದ್ದು ಇಂದು ಬೆಳಗಿನ ಜಾವ ತೀರಿಕೊಂಡ.

"ಹಲಗೆ ಕಟ್ಟಿದ್ದು ಯಾರು ಅಂತ ಪೊಲೀಸಿನವರು ಆಸ್ಪತ್ರೆಯಲ್ಲಿ ಕೇಳಿದ್ರಂತೆ," ಐತ ಬೀಡಿ ಹಚ್ಚಿದ. "ನಾನೇ ಅಂದನಂತೆ ಮೋನಪ್ಪ. ನನ್ನ ತಲೆಗೆ ಹೋಗುವುದಿಲ್ಲಪ್ಪ. ಹತ್ತುವವ ತಾನೇ ಕಟ್ಟಿಕೊಳ್ಳುವುದು ನಮ್ಮಲ್ಲಿ ಎಲ್ಲುಂಟು?"

ಎಲ್ಲೂ ಇಲ್ಲ. ದೀಪದವರ ಕಟ್ಟಳೆಯೇ ಹಾಗೆ. ಹಲಗೆಯ ಮೇಲೆ ಕೂರುವವನೊಬ್ಬ, ಕಟ್ಟುವವನು ಇನ್ನೊಬ್ಬ. ಕಟ್ಟಿದವನು ಅದಕ್ಕೆ ಮೈಭಾರ ಬಿಟ್ಟು ಹತ್ತು ಎಣಿಸಬೇಕು. ಆಮೇಲೆ ತನ್ನ ಗುರುತಿನ ಚಿಂದಿಯನ್ನು ಗಂಟಿಗೆ ಸಿಕ್ಕಿಸಬೇಕು. ಐತನದು ಕೆಂಪು, ಮೋನಪ್ಪನದು ಬಿಳಿ, ಚಂದುವಿನದು ನೀಲಿ ಚೌಕುಳಿ. ಅವನ ಹಳೆಯ ಲುಂಗಿ ಹರಿದು ಅಂಚು ಹೊಲಿದು ಕೊಟ್ಟವಳು ಸರಸಳೇ. ಚಿಂದಿ ಕಂಡರೆ ಸಾಕು, ಹತ್ತುವವನು ಮತ್ತೆ ಗಂಟು ಮುಟ್ಟಿ ನೋಡುವುದಿಲ್ಲ.

ಮೋನಪ್ಪನನ್ನು ವ್ಯಾನಿಗೆ ಹೊರುವ ಗದ್ದಲದಲ್ಲಿ ಚಂದು ಏಣಿ ಹತ್ತಿ ನೋಡಿದ್ದ. ಸಡಿಲ ಹಗ್ಗವಿತ್ತು, ಚಿಂದಿ ಇರಲಿಲ್ಲ. ಕೆಳಗಿಳಿದು ನೆಲವನ್ನೆಲ್ಲ ಹುಡುಕಿದ. ಅಲ್ಲೂ ಇರಲಿಲ್ಲ. ಅದು ಯಾರ ಕೈ ಸೇರಿತು ಎಂಬ ಭಯ ಎರಡು ದಿನದಿಂದ ಅವನನ್ನು ಕೊರೆಯುತ್ತಿತ್ತು. ಭಾವ ಸತ್ತ ದುಃಖಕ್ಕಿಂತ ಆ ಭಯವೇ ಮುಂದೆ ಬಂದು ನಿಲ್ಲುತ್ತಿತ್ತು, ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಗಿತ್ತು.

*

ಭಾನುವಾರ ಬೆಳಗಿನ ಆಟಕ್ಕೆ ಮೌಂಟ್ ರೋಡಿನಲ್ಲಿ ಇಂಗ್ಲಿಷ್ ಪತ್ತೇದಾರಿ ಪಿಕ್ಚರು ಹಾಕುತ್ತಿದ್ದರು. ಭಾವ, ಭಾಮೈದ ಇಬ್ಬರೂ ತಪ್ಪಿಸುತ್ತಿರಲಿಲ್ಲ. ಇಬ್ಬರಿಗೂ ಇಂಗ್ಲಿಷು ಬಾರದು. ಬಾರದಿದ್ದರೇ ಒಳ್ಳೆಯದು ಎನ್ನುತ್ತಿದ್ದ ಮೋನಪ್ಪ.

"ಮುಖ ನೋಡ್ಬೇಡ, ಗೋಡೆ ನೋಡು," ಎಂದು ಕತ್ತಲಲ್ಲಿ ಪಿಸುಗುಡುತ್ತಿದ್ದ. "ಒಂದೇ ದೀಪ. ಮುಂದೆ ಪಟ್ಟಿಪಟ್ಟಿ ಕಿಟಕಿ ಪರದೆ. ಮನುಷ್ಯ ಜೈಲಿಗೆ ಹೋಗುವ ಮೊದಲೇ ಮೈಮೇಲೆ ಸರಳು ಬಿತ್ತು, ನೋಡಿದಿಯಾ?"

"ಇದರಲ್ಲಿ ಒಳ್ಳೆಯವ ಯಾರು ಭಾವ?"

"ಯಾರೂ ಇಲ್ಲ. ಎಲ್ಲರೂ ಒಂದೊಂದು ತಪ್ಪು ಮಾಡಿ ಆಗಿದೆ. ಪಿಕ್ಚರು ಶುರುವಾಗುವುದೇ ಆಮೇಲೆ." ಪರದೆಯ ಮೇಲೆ ಶವಪೆಟ್ಟಿಗೆ ಇಳಿಯುತ್ತಿತ್ತು. "ಕೊಂದವ ಮಣ್ಣಿಗೆ ಬಂದೇ ಬರ್ತಾನೆ. ಅಗೋ, ಎಲ್ಲರ ಹಿಂದೆ ನಿಂತವ."

"ಓಡಿ ಹೋಗ್ಬಹುದಲ್ಲ?"

"ಎಲ್ಲಿಗೆ ಹೋಗುವುದು, ಪಾಪ!" ಮೋನಪ್ಪನಿಗೆ ಪತ್ತೇದಾರನಿಗಿಂತ ಕೊಲೆಗಾರನ ಮೇಲೆಯೇ ಮರುಕ ಹೆಚ್ಚು.

ಅದಕ್ಕೆ ಕಾರಣವೂ ಇತ್ತು. ಸ್ಟುಡಿಯೋದ ಎಷ್ಟೋ ಚಿತ್ರಗಳಲ್ಲಿ ಗೋಡೆಯ ಮೇಲೆ ಹಾದುಹೋದ ಕೊಲೆಗಾರನ ನೆರಳು ಮೋನಪ್ಪನದೇ. ನಟರು ಅಷ್ಟಕ್ಕೆಲ್ಲ ಕಾಯುತ್ತ ನಿಲ್ಲುವುದಿಲ್ಲ. ಉದ್ದ ಕೋಟು, ಟೋಪಿ ಹಾಕಿ ಅವನನ್ನೇ ದೀಪದ ಮುಂದೆ ನಡೆಸುತ್ತಿದ್ದರು. ಸರಸ ಆ ಚಿತ್ರಗಳನ್ನು ನೋಡಲು ಹೋಗಿ, ಎಲ್ಲರೂ ಹೆದರಿ ಕಿರುಚುವಾಗ ತಾನೊಬ್ಬಳೇ ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದಳು.

*

ಮೊನ್ನೆ ಡೈರೆಕ್ಟರು ಅಂಥದೇ ನೆರಳಿಗಾಗಿ ಮೋನಪ್ಪನನ್ನು ನಡೆಸಿ ನೋಡಿ, ಬೇಡವೆಂದು ತಲೆಯಾಡಿಸಿದ್ದರು. ಅವನ ಬೆನ್ನು ಬಾಗಿತ್ತು. "ಇಂದು ಚಂದು ನಡೆಯಲಿ," ಎಂದರು.

ಆಗ ಚಂದು ಮೇಲೆ ಭಾವನ ಹಲಗೆ ಕಟ್ಟುತ್ತಿದ್ದ. ತನ್ನ ಹೆಸರು ಕೇಳಿದ್ದೇ ತಡ, ಎರಡು ಸುತ್ತು ಹಾಕಿ, ಚಿಂದಿ ಸಿಕ್ಕಿಸಿ, ಏಣಿ ಇಳಿದುಬಿಟ್ಟ. ಭಾರ ಬಿಡಲಿಲ್ಲ. ಹತ್ತು ಎಣಿಸಲಿಲ್ಲ.

ಕೋಟಿನ ಗುಂಡಿ ಹಾಕಿಕೊಟ್ಟವನೂ ಮೋನಪ್ಪನೇ. "ಅವಸರ ಮಾಡ್ಬೇಡ. ಗೋಡೆಯೇ ನಿನ್ನ ಹತ್ತಿರ ಬರ್ಬೇಕು, ಹಾಗೆ ನಡಿ," ಎಂದು ಬೆನ್ನು ತಟ್ಟಿ ಮೇಲೆ ಹತ್ತಿದ. ಚಂದು ನಡೆದ. ಅವನ ನೆರಳು ಗೋಡೆಯಲ್ಲಿ ಬೆಳೆದು ಮಾಡು ಮುಟ್ಟಿತು. ಅಷ್ಟರಲ್ಲಿ ತಲೆಯ ಮೇಲೆ ಕಿರ್ ಎಂದಿತು. ದೀಪ ತೂಗಿ, ನೆರಳು ಗಡಗಡ ನಡುಗಿತು. ಆಮೇಲೆ ಹಿಂದೆ ಏನೋ ಬಿದ್ದ ಸದ್ದು.

*

ಪ್ರೊಡಕ್ಷನ್ ಮ್ಯಾನೇಜರ್ ಭೋಜರಾಜ ಸಂಪಂಗಿ ಹಾರ ಹಿಡಿದು ಬಂದ. ಶವಕ್ಕೆ ಹಾರ ಹಾಕಿ, ಚಂದುವಿನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದ.

"ಹೇಳುವ ಹೊತ್ತಲ್ಲ ತಂಬಿ. ನಿನ್ನೆ ಆ ಶಾಟ್ ನೋಡಿದ್ವಿ. ನೆರಳು ನಡುಗಿತಲ್ಲ, ಪ್ರಮಾದಂ, ಬಲು ಸೊಗಸು! ಡೈರೆಕ್ಟರು ಅದನ್ನೇ ಇಟ್ಕೊಂಡ್ರು."

ಊರೂರಿನ ಟಾಕೀಸುಗಳಲ್ಲಿ ಜನ ದುಡ್ಡು ಕೊಟ್ಟು ಅದನ್ನೇ ನೋಡುತ್ತಾರೆ. ಹೆಣವನ್ನು ಹೊರಗೆ ತಂದು ಚಟ್ಟದ ಮೇಲೆ ಮಲಗಿಸುವಾಗ ಚಂದು ಹೆಜ್ಜೆ ಹೆಜ್ಜೆಯಾಗಿ ಸರಿದು, ಬೇವಿನ ಮರದ ಕೆಳಗೆ ಎಲ್ಲರ ಹಿಂದೆ ನಿಂತ. ನಿಂತ ಮೇಲೆ, ತಾನು ಎಲ್ಲಿ ನಿಂತಿದ್ದೇನೆಂದು ಅವನಿಗೆ ಹೊಳೆಯಿತು.

"ಚಂದು," ಸರಸ ಹೊಸ್ತಿಲಿನಿಂದ ಕರೆದಳು. ಅತ್ತೂ ಅತ್ತೂ ದನಿ ಕುಗ್ಗಿತ್ತು. "ಹಿಂದೆ ಯಾಕೆ ನಿಂತದ್ದು? ಮುಂದೆ ಬಾ."

ಜನ ದಾರಿ ಬಿಟ್ಟರು. ಅವನು ಬಂದ.

"ಈ ತಲೆಕಡೆ ಗಂಟು ನೀನು ಕಟ್ಟಿದ್ದಾ?"

"ಹೌದು ಅಕ್ಕ."

"ಹತ್ತು ಎಣಿಸಿದಿಯಾ?"

ಐತನ ಬೀಡಿ ತುಟಿಯಲ್ಲೇ ನಿಂತಿತು. ಚಂದು ಅಕ್ಕನ ಮುಖ ನೋಡಿದ. ಅವಳಿಗೆ ಗೊತ್ತಿತ್ತು. ಅವಳು ಬೈದಿದ್ದರೆ, ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಇಲ್ಲ," ಎಂದ. "ಮೊನ್ನೆಯೂ ಎಣಿಸ್ಲಿಲ್ಲ ಅಕ್ಕ."

ಸರಸ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ನೀಲಿ ಚೌಕುಳಿಯ ಬಟ್ಟೆ ಇತ್ತು, ಒಂದು ಅಂಚು ಕಪ್ಪಗೆ ಗಟ್ಟಿಯಾಗಿತ್ತು.

"ಆಸ್ಪತ್ರೆಯಲ್ಲಿ ಅವರ ಮುಷ್ಟಿ ಬಿಡಿಸ್ಲಿಕ್ಕೆ ಯಾರಿಂದಲೂ ಆಗ್ಲಿಲ್ಲ. ಪೊಲೀಸಿನವರು ಹೋದ ಮೇಲೆ ತಾವೇ ಬಿಡಿಸಿ ಕೊಟ್ರು. ಯಾರಿಗೂ ತೋರಿಸ್ಬೇಡ ಅಂದ್ರು." ಅವಳು ಉಸಿರೆಳೆದುಕೊಂಡಳು. "ಈಗ ಎಣಿಸು. ಎಲ್ಲರಿಗೂ ಕೇಳ್ಲಿ."

ಚಂದು ಮೊಣಕಾಲೂರಿ, ಬಿದಿರಿನ ತಲೆಕಡೆ ಎರಡೂ ಕೈಯಿಟ್ಟು, ಮೈಭಾರವನ್ನೆಲ್ಲ ಬಿಟ್ಟ. ಒಂದು, ಎರಡು, ಮೂರು. ಭಾವನ ಮುಖ ಅವನ ಮುಖಕ್ಕೆ ಗೇಣಿನಷ್ಟು ಹತ್ತಿರವಿತ್ತು. ಏಳರಲ್ಲಿ ಎಣಿಕೆ ತಪ್ಪಿತು. ಸರಸ ಕಾದಳು. ಅವನು ಮತ್ತೆ ಒಂದರಿಂದ ಶುರುಮಾಡಿ ಹತ್ತರವರೆಗೆ ಎಣಿಸಿದ. ಗಂಟು ಅಲುಗಲಿಲ್ಲ.

ಸರಸ ಬಗ್ಗಿ ಆ ಚಿಂದಿಯನ್ನು ಗಂಟಿಗೆ ಸಿಕ್ಕಿಸಿದಳು.

"ಎತ್ತಿ," ಎಂದಳು.

ಮುಂದಿನ ಎಡಗಡೆ, ಆ ತಲೆಕಡೆ ಗಂಟಿನ ಕೆಳಗೆ, ಚಂದು ಹೆಗಲು ಕೊಟ್ಟ. ಓಣಿ ತಿರುಗಿದರೆ ಸ್ಟುಡಿಯೋದ ಸುಣ್ಣ ಬಳಿದ ಉದ್ದ ಗೋಡೆ. ಇಳಿಹೊತ್ತಿನ ಓರೆ ಬಿಸಿಲಿಗೆ ಹೊತ್ತವರ ನೆರಳು ಅದರ ಮೇಲೆ ಸಾಲಾಗಿ ನಡೆಯಿತು. ಯಾರು ಯಾರೆಂದು ಗುರುತು ಸಿಗುವಂತಿರಲಿಲ್ಲ, ಮುಂದಿನವನೊಬ್ಬನನ್ನು ಬಿಟ್ಟು. ಅವನ ಕೆನ್ನೆಯ ಬಳಿ ಒಂದು ಸಣ್ಣ ತುಂಡು ನೆರಳು ಗೋಡೆ ಮುಗಿಯುವವರೆಗೂ ಅಲ್ಲಾಡುತ್ತಿತ್ತು.